ಸಿಮೆಂಟಿಗೆ ಬೆರೆಸುವ ಗಾಜಿನ ಪುಡಿ: ಕಾರವಾರದ ಉಪ್ಪುಗಾಳಿಗೆ ಆದೀತೇ?

ಆದೀತು, ಪುಡಿ ನುಣ್ಣಗಿದ್ದರೆ ಮಾತ್ರ. ಹಳೇ ಬಾಟಲಿ ಅರೆದ ಈ ಪುಡಿಯನ್ನು ಕೈಗವಸು ಹಾಕಿ ಉಜ್ಜಿ ನೋಡಿ. ಮೈದಾದಂತಿದ್ದರೆ ಇಳಿಸಿಕೊಳ್ಳಿ, ರವೆಯಂತಿದ್ದರೆ ಬಂದ ಗಾಡಿಯಲ್ಲೇ ವಾಪಸ್. 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿ ಸಿಮೆಂಟಿನ ಸುಣ್ಣದ ಜತೆ ಸೇರಿ ಗಟ್ಟಿಯಾಗುತ್ತದೆ. ದಪ್ಪ ಚೂರು ಹಾಗಲ್ಲ: ಸಿಮೆಂಟಿನ ಕ್ಷಾರದ ಜತೆ ಸೇರಿ ಜೆಲ್ ಆಗಿ, ನೀರು ಕುಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ನೀರಿಗೇನು ಬರ!

40 ಕೆಜಿ ಓಪಿಸಿಗೆ (ಬೇರೇನೂ ಬೆರೆಸದ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) 10 ಕೆಜಿ ಪುಡಿ, ಅಂದರೆ ಒಟ್ಟು 50 ಕೆಜಿಯಲ್ಲಿ ಶೇ 20. ಅದಕ್ಕಿಂತ ಮೇಲೆ ಹೋಗಬೇಡಿ. ಪಿಪಿಸಿ (ಪೊಝೊಲಾನಾ ಸಿಮೆಂಟ್) ಚೀಲದಲ್ಲಿ ಮೊದಲೇ ಹಾರುಬೂದಿ ಇರುವುದರಿಂದ ಅದಕ್ಕೆ ಬೇಡ. ನೀರು ಹಾಕುವ ಮುಂಚೆ ಸಿಮೆಂಟು, ಪುಡಿ ಎರಡನ್ನೂ ಒಣದಾಗಿಯೇ ಬಣ್ಣ ಒಂದಾಗುವಷ್ಟು ಕಲಸಬೇಕು. ಬಾಟಲಿ ಸರಿಯಾಗಿ ತೊಳೆಯದೆ ಅರೆದಿದ್ದರೆ ಉಳಿದ ಸಕ್ಕರೆ ಅಂಶ ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತದೆ.

ದೊಡ್ಡ ಕೊರತೆ ಒಂದೇ: ಮೊದಲ ವಾರ ಬಲ ಕಡಿಮೆ. ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆ ಕೊಟ್ಟ ಹಲಗೆ, ಕಂಬ) ಬಿಚ್ಚಲು ಅವಸರ ಸಲ್ಲ, ಕ್ಯೂರಿಂಗ್ (ನೀರುಣಿಸಿ ತೇವವಾಗಿಡುವುದು) 14 ದಿನ. ಬಲ 28 ದಿನದ ನಂತರವೂ ಏರುತ್ತದೆ. ಕಾಂಕ್ರೀಟಿನ ರಂಧ್ರ ಕಿರಿದಾಗಿ ಒಳಗಿನ ಕಬ್ಬಿಣದ ಸರಳಿಗೆ ಉಪ್ಪು ತಲುಪುವುದು ನಿಧಾನವಾಗುತ್ತದೆ. ಪೇವರ್, ಕಾಂಪೌಂಡ್ ಬ್ಲಾಕಿಗೆ ಧಾರಾಳ ಬಳಸಿ. ಸ್ಲ್ಯಾಬಿಗೆ ಮಾತ್ರ ಕ್ಯೂಬ್ ಪರೀಕ್ಷೆ (ಕಾಂಕ್ರೀಟಿನ ಘನವನ್ನು ಒತ್ತಿ ಬಲ ಅಳೆಯುವುದು) ಮಾಡಿಸಿ, ಇಂಜಿನಿಯರ್ ಒಪ್ಪಿದ ಮೇಲಷ್ಟೇ.