ನಲಿಕಲಿ ಕಾರ್ಡ್ ಪೆಟ್ಟಿಗೆ: ಕಾರವಾರದ ಮಳೆಯಲ್ಲಿ, ಕೊಂಕಣಿ ಮಕ್ಕಳ ಕೈಯಲ್ಲಿ

ಒಂದೇ ಕೋಣೆ, ಒಂದರಿಂದ ಮೂರನೇ ತರಗತಿ, ಮಕ್ಕಳದ್ದು ಒಬ್ಬೊಬ್ಬರದ್ದು ಒಂದೊಂದು ವೇಗ. ಇಂಥಲ್ಲಿ ನಲಿಕಲಿಗೆ, ಅಂದರೆ ಸರ್ಕಾರಿ ಶಾಲೆಗಳ ಕಾರ್ಡ್ ಆಧರಿಸಿದ ನಲಿಯುತ್ತ ಕಲಿಯುವ ಪದ್ಧತಿಗೆ, ಸಾಟಿಯಾದ ಸಾಮಗ್ರಿ ಕಡಿಮೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯ ಜೀವ ಇರುವುದು ಐದು ತಟ್ಟೆಗಳಲ್ಲಿ, ಅಂದರೆ ಮಕ್ಕಳು ಕೂತು ಕಲಿಯುವ ಐದು ಗುಂಪುಗಳಲ್ಲಿ. ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ಬೆಂಬಲ, ಐದನೆಯದು ಸ್ವಕಲಿಕೆ. ವಾರಗಟ್ಟಲೆ ಶಾಲೆ ತಪ್ಪಿದ ಮಗು ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಪಟ್ಟಿ) ತಾನು ನಿಂತ ಮೆಟ್ಟಿಲಿಂದಲೇ ಮುಂದುವರಿಯುತ್ತದೆ.

ಅಕ್ಷರದ ಕ್ರಮ ಜಾಣತನದ್ದು. ರ, ಗ, ಸ, ದ, ಅ ಕಲಿತರೆ ಸಾಕು, ಸರ, ಅಗಸ, ಗರಗಸ ಓದಬಹುದು. ಆದರೆ ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ ‘ಅಗಸ’ ಬರೀ ಸದ್ದು. ಕಾರ್ಡ್ ಕೊಡುವ ಮೊದಲು ಚಿತ್ರ ತೋರಿಸಿ, ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಕನ್ನಡ ಪದ. ‘ಘರ’ ಅಂದ ಮಗುವನ್ನು ತಿದ್ದಬೇಡಿ, ಪಕ್ಕದಲ್ಲಿ ‘ಮನೆ’ ಇಡಿ.

ಅಕ್ಷರಗಳ ಎರಡನೇ ಗುಂಪಿನಲ್ಲಿ ವ, ಮ ಒಟ್ಟಿಗೇ ಬರುವುದು ದೊಡ್ಡ ತೊಡಕು. ಆಕಾರ ಹತ್ತಿರ, ಮಗು ಅದಲುಬದಲು ಮಾಡುತ್ತದೆ. ವ ಗಟ್ಟಿಯಾಗುವ ತನಕ ಮ ಕಾರ್ಡ್ ಎತ್ತಿಡಿ. ಹರಿವಾಣದಲ್ಲಿ ಜರಡಿ ಹಿಡಿದ ಒಣ ಮರಳು ಅರ್ಧ ಬೆರಳು ದಪ್ಪ ಹರಡಿ, ಉಚ್ಚರಿಸುತ್ತಲೇ ತಿದ್ದಿಸಿ. ಕಡಲ ಮರಳಾದರೆ ತೊಳೆದು ಒಣಗಿಸಿ, ಇಲ್ಲದಿದ್ದರೆ ಉಪ್ಪಿಗೆ ತೇವ ಹಿಡಿದು ಗೆರೆ ನಿಲ್ಲುವುದಿಲ್ಲ.

ದೃಷ್ಟಿ ಮಂದವಿದ್ದವರಿಗೆ ಕಾರ್ಡಿನ ಅಕ್ಷರ ಸಣ್ಣದಾಯಿತು. ಎ4 ಹಾಳೆಗೊಂದೇ ಪದ, ಕಪ್ಪು ಮಾರ್ಕರಿನಲ್ಲಿ.

ಆಷಾಢದ ತೇವಕ್ಕೆ ಕಾರ್ಡ್ ಹಪ್ಪಳದ ಹಾಗೆ ಸುರುಳಿ. ಲ್ಯಾಮಿನೇಶನ್ ಮಾಡಿಸುವಾಗ ನಾಲ್ಕೂ ಅಂಚಿಗೆ ಕಾಲಂಗುಲ ಪ್ಲಾಸ್ಟಿಕ್ ಉಳಿಸಿ. ಕಾಗದದ ಅಂಚಿಗೇ ಕತ್ತರಿಸಿದರೆ ನೀರು ಒಳಗೆ ಇಳಿದು ಬೂಸು ಹಿಡಿಯುತ್ತದೆ.