ಬೇಸಿಗೆಲಿ ಚಳಿ ಬೇಕು ಅಂದ್ರೆ ಊಟಿನಾ, ಕೆಮ್ಮಣ್ಣುಗುಂಡಿನಾ, ಮಡಿಕೇರಿನಾ?

ಏಪ್ರಿಲ್ ಹುಟ್ಟಿದ್ರೆ ಸಾಕು ನಮ್ ಶಿವಮೊಗ್ಗದಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ, 36–37 ಡಿಗ್ರಿ ಮಾಮೂಲಿ, ರಾತ್ರಿ ಫ್ಯಾನ್ ಹಾಕಿದ್ರೂ ಅದು ಬಿಸಿ ಗಾಳಿನೇ ಸುತ್ತಿಸ್ತಾ ಇರುತ್ತೆ. ಬೆಂಗಳೂರಿನ ನೆಂಟರಿಗೆ ಹೇಳಿದ್ರೆ "ನಿಮ್ಮದು ಮಲೆನಾಡಲ್ವಾ, ನಿಮಗೆಂಥಾ ಸೆಖೆ" ಅಂತಾರೆ. ಎಂತ ಹೇಳೋದು ಮಾರಾಯ್ರೆ, ಶಿವಮೊಗ್ಗ ಇರೋದು ಸಮುದ್ರಮಟ್ಟದಿಂದ ಬರೀ 570 ಮೀಟರ್ ಎತ್ತರದಲ್ಲಿ, ಬೆಂಗಳೂರು 900 ದಾಟುತ್ತೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ ಬೀಳುತ್ತೆ ನಿಜ, ಆದ್ರೆ ಅದೂ 650 ಮೀಟರ್ ಆಸುಪಾಸೇ, ಮೇ ತಿಂಗಳಲ್ಲಿ ಅಲ್ಲಿ ಹೋಗಿ ಸೂರ್ಯಾಸ್ತ ನೋಡಬಹುದು ಅಷ್ಟೇ, ಮೈ ಅಂಟಂಟು ತಪ್ಪಲ್ಲ.

ಹಂಗಾಗಿ ಬೇಸಿಗೆ ರಜಕ್ಕೆ ಎಲ್ಲಿಗೆ ಅನ್ನೋ ಚರ್ಚೆ ನಮ್ಮನೇಲಿ ಪ್ರತಿ ವರ್ಷ ಇದ್ದಿದ್ದೇ. ಬೇರೆ ಬೇರೆ ಬೇಸಿಗೆಗಳಲ್ಲಿ ಊಟಿ, ಚಿಕ್ಕಮಗಳೂರು, ಕೆಮ್ಮಣ್ಣುಗುಂಡಿ, ಮಡಿಕೇರಿ ಎಲ್ಲಾ ಕಡೆ ಉಳಿದು ನೋಡಿದ ಮೇಲೆ ನಾನು ಕೇಳೋದು ಒಂದೇ ಪ್ರಶ್ನೆ, ರಾತ್ರಿ ಮಲಗೋ ಜಾಗ ಎಷ್ಟು ಎತ್ತರದಲ್ಲಿದೆ? ಹಗಲು ಎಲ್ಲಿ ಸುತ್ತಿದ್ರಿ ಅನ್ನೋದು ಆಮೇಲೆ.

ಯಾಕಂದ್ರೆ ಲೆಕ್ಕ ಸಿಂಪಲ್ಲು. ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು ಆರು, ಆರೂವರೆ ಡಿಗ್ರಿ ಕಮ್ಮಿ ಆಗುತ್ತೆ. ಚಿಕ್ಕಮಗಳೂರು ಪೇಟೆ 1,090 ಮೀಟರ್, ಅಂದ್ರೆ ನಮ್ಮೂರಿಗಿಂತ ಮೂರು ಡಿಗ್ರಿ ತಂಪು ಅಷ್ಟೇ. ಮಡಿಕೇರಿ 1,170, ಅದೂ ಹೆಚ್ಚುಕಮ್ಮಿ ಹಂಗೇ. ಕೆಮ್ಮಣ್ಣುಗುಂಡಿ 1,434, ಐದಾರು ಡಿಗ್ರಿ ಲಾಭ. ಊಟಿ 2,240, ಅಲ್ಲಿಗೆ ಹತ್ತು ಡಿಗ್ರಿ ಮೇಲೆನೇ ಇಳೀತು. ನಕ್ಷೆ ತೆಗೆದು ನೋಡಿದ್ರೆ ಊಟಿ ನಮಗಿಂತ ದಕ್ಷಿಣಕ್ಕೆ, ಭೂಮಧ್ಯರೇಖೆಗೆ ಇನ್ನೂ ಹತ್ರ ಇದೆ, ಸೆಖೆ ಜಾಸ್ತಿ ಇರಬೇಕಿತ್ತು, ಆದ್ರೆ ನಮ್ಮ ಈ ಸೀಮೆಲಿ ಚಳಿ ಬರೋದು ಎತ್ತರದಿಂದ, ಉತ್ತರಕ್ಕೆ ಹೋಗಿ ಸಿಗೋದಲ್ಲ. ಇನ್ನೊಂದೇನಂದ್ರೆ ಇಂಥಾ ಊರುಗಳಲ್ಲಿ ತಿಂಗಳಿಂದ ತಿಂಗಳಿಗಿಂತ ಹಗಲಿಂದ ರಾತ್ರಿಗೇ ವ್ಯತ್ಯಾಸ ಜಾಸ್ತಿ. ಮಧ್ಯಾಹ್ನದ ಫೋಟೋ ನೋಡಿ ತಂಪು ಅಂತ ನಂಬಬಾರದು, ರಾತ್ರಿ ಹತ್ತು ಗಂಟೆಗೆ ರಗ್ಗು ಎಳ್ಕೊಂಡ್ರಾ ಇಲ್ವಾ ಅಂತ ಕೇಳಬೇಕು.

ಈ ರಗ್ಗಿನ ಪರೀಕ್ಷೆಲಿ ಊಟಿಗೆ ಎದುರೇ ಇಲ್ಲ. ಮೇನಲ್ಲೂ ಮಧ್ಯಾಹ್ನ 22–23, ರಾತ್ರಿ 12ರ ಹತ್ರ ಬರುತ್ತೆ, ಎಷ್ಟೋ ರೂಮಲ್ಲಿ ಫ್ಯಾನೇ ಹಾಕ್ಸಿರಲ್ಲ. ಸಂಜೆ ಚೇರಿಂಗ್ ಕ್ರಾಸ್ ಹತ್ರ ಸ್ವೆಟರ್ ಹಾಕ್ಕೊಂಡು, ಬಿಸಿ ಟೀ ಹಿಡ್ಕೊಂಡು, ಬೇಕರಿಲಿ ವರ್ಕಿ ಅನ್ನೋ ಗರಿಗರಿ ತಿಂಡಿ ಕೊಂಡು ಜನರ ಮಧ್ಯೆ ಓಡಾಡೋದಿದೆಯಲ್ಲ, ಒಂದು ಇಡೀ ಪೇಟೆನೇ ತಂಪಾಗಿರೋ ಸುಖ ಅದು, ನಮ್ ಮಲೆನಾಡಲ್ಲಿ ಅದು ಸಿಗಲ್ಲ, ನಾನಂತೂ ಒಪ್ಕೊಂಡುಬಿಟ್ಟೆ. ನಮ್ಮಲ್ಲಿ ತಂಪಿರೋದು ಬೆಟ್ಟದ ತುದೀಲಿ, ಪೇಟೆ ಇರೋದು ಬುಡದಲ್ಲಿ. ಅಮ್ಮಂಗೆ ಅಲ್ಲಿನ ಊಟ ಅಷ್ಟಕ್ಕಷ್ಟೇ, "ಇಲ್ಲಿ ಒಂದು ಅಕ್ಕಿ ರೊಟ್ಟಿ ಸಿಗಲ್ವೇನೋ" ಅಂತ ದಿನಾ ಗೊಣಗಿದ್ರು, ಆದ್ರೆ ಕ್ಯಾರೆಟ್ ಮಾರೋ, ನೀಲಗಿರಿಯ ಬಡಗ ಜನಾಂಗದ ಅಜ್ಜಿ ಜೊತೆ ಅವರ ಬಡಗ ನುಡಿ, ಇವರ ಕನ್ನಡ ಸೇರ್ಕೊಂಡು ಅರ್ಧ ಗಂಟೆ ಮಾತು ನಡೀತು.

ಬಿಸಿಲಿನ ಬಗ್ಗೆ ಒಂದು ಮಾತು. ಗಾಳಿ ತಣ್ಣಗಿದೆ ಅಂತ ಟೋಪಿ ಇಲ್ದೆ ಬೊಟಾನಿಕಲ್ ಗಾರ್ಡನ್ ಸುತ್ತಿದ್ರೆ ಸಂಜೆಗೆ ಮೂಗು ಕೆಂಪಾಗಿ ಸಿಪ್ಪೆ ಏಳುತ್ತೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಮೇ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಬಿಸಿಲಿಗೆ ನಿಂತ್ರೆ ಚುರುಚುರು, ಮರದ ನೆರಳಿಗೆ ಸರಿದ್ರೆ ಮೈ ಜುಮ್ ಅನ್ನುತ್ತೆ. ಮಕ್ಕಳಿಗೆ ಒಂದೇ ದಪ್ಪ ಜರ್ಕಿನ್ ಬದಲು ಎರಡು ತೆಳು ಸ್ವೆಟರ್ ಹಾಕಿ, ಬಿಚ್ಚಿ ಹಾಕಿ ಮಾಡ್ತಾ ಇರಬೇಕು.

ಇಷ್ಟೆಲ್ಲಾ ಹೊಗಳಿದ್ರೂ ಊಟಿಗೆ ಹೋಗೋದು ಒಂದು ದೊಡ್ಡ ಪ್ರಾಜೆಕ್ಟು. ಶಿವಮೊಗ್ಗದಿಂದ ಮೈಸೂರಿಗೇ ಅರ್ಧ ದಿನ, ಅಲ್ಲಿಂದ ಇನ್ನೂ 125 ಕಿಲೋಮೀಟರ್, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ನಮ್ ಭಾವ ಕಾರ್ ಓಡಿಸಿದ್ರು, ಮಸಿನಗುಡಿ ಕಡೆಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತೋವಾಗ ಹಿಂದೆ ಕೂತವರೆಲ್ಲಾ ಬಾಯಿ ಮುಚ್ಕೊಂಡು ಕಿಟಕಿ ಕಡೆ, ವಾಂತಿ ಕವರ್ ರೆಡಿ ಇಟ್ಕೊಳ್ಳಿ. ಗೂಡಲೂರು ದಾರಿ ಸುತ್ತು ಆದ್ರೂ ವಾಸಿ. ಅದರ ಮೇಲೆ 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದ ಪ್ರಕಾರ ಸ್ವಂತ ಗಾಡಿಗೆ ಇ-ಪಾಸ್ ಬಂತು, 2025ರ ಬೇಸಿಗೆಲಿ ದಿನಕ್ಕೆ 6,000 ಗಾಡಿ, ವೀಕೆಂಡಲ್ಲಿ 8,000 ಅಂತ ಮಿತಿನೂ ಹಾಕಿದ್ರು. ಸರ್ಕಾರಿ ಬಸ್ಸಿಗೆ ಈ ತಲೆನೋವಿಲ್ಲ. ಅದಕ್ಕೇ ನನ್ನ ಕೇಳಿದ್ರೆ ತಾಳಗುಪ್ಪ–ಮೈಸೂರು ಇಂಟರ್‌ಸಿಟಿ ಹತ್ತಿ ಮೈಸೂರಿಗೆ ಹೋಗಿ, ರಾತ್ರಿ ಅಲ್ಲಿ ಉಳಿದು, ಬೆಳಗ್ಗೆ ಕೆಎಸ್ಆರ್‌ಟಿಸಿಲಿ ಕಿಟಕಿ ಸೀಟ್ ಹಿಡಿಯೋದೇ ಆರಾಮು. ಪ್ಲಾಸ್ಟಿಕ್ ನೀರಿನ ಬಾಟಲಿ ನೀಲಗಿರಿಲಿ ಬ್ಯಾನ್, ಚೆಕ್‌ಪೋಸ್ಟಲ್ಲಿ ಕಿತ್ಕೋತಾರೆ, ಸ್ಟೀಲ್ ಬಾಟಲಿ ತಗೊಂಡು ಹೋಗಿ.

ಪುಟಾಣಿ ರೈಲಿಗೆ ಮಕ್ಕಳು ಹಠ ಮಾಡೇ ಮಾಡ್ತಾವೆ. 1908ರಲ್ಲಿ ಊಟಿ ಮುಟ್ಟಿದ ಲೈನು, 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಆದ್ರೆ ಹಳಿ ಮಧ್ಯದ ಹಲ್ಲಿನ ಪಟ್ಟಿ ಕಚ್ಕೊಂಡು ಹತ್ತೋ ಅಸಲಿ ಮಜಾ ಇರೋದು ಕಲ್ಲಾರ್‌ನಿಂದ ಕೂನೂರಿನ ತನಕ, ಅದು ಮೆಟ್ಟುಪಾಳ್ಯಂ ಕಡೆ. ಮೈಸೂರು ಕಡೆಯಿಂದ ಹೋಗೋ ನಮ್ಮಂಥವರಿಗೆ ಸುಲಭಕ್ಕೆ ಸಿಗೋದು ಊಟಿ–ಕೂನೂರು ತುಂಡು, ಅಲ್ಲಿ ಡೀಸೆಲ್ ಇಂಜಿನ್ನು. ಕೇತಿ ಕಣಿವೆ ಚೆನ್ನಾಗಿ ಕಾಣುತ್ತೆ, ಮಕ್ಕಳಿಗೆ ಅಷ್ಟು ಸಾಕು, ಹೊಗೆ ಇಂಜಿನ್ ಆಸೆ ಇಟ್ಕೊಂಡು ಹೋದ ಭಾವಂಗೆ ಮಾತ್ರ ಬೇಜಾರಾಯ್ತು.

ಕೆಮ್ಮಣ್ಣುಗುಂಡಿ ಇದಕ್ಕೆ ಪೂರ್ತಿ ಉಲ್ಟಾ. ಬೆಳಗ್ಗೆ ತಿಂಡಿ ಮುಗಿಸಿ ಹೊರಟ್ರೆ ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ, ಊಟದ ಹೊತ್ತಿಗೆ ಮೇಲೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬರ್ತಿದ್ದ ಜಾಗ, ಈಗ ತೋಟಗಾರಿಕೆ ಇಲಾಖೆ ಕೈಲಿದೆ. ನಮ್ಮ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗ್ತಿದ್ದಿದ್ದೂ ಇದೇ ಗುಡ್ಡದಿಂದ, ದೊಡ್ಡಪ್ಪ ಅಲ್ಲೇ ಕೆಲಸ ಮಾಡಿದೋರು, ದಾರಿಯುದ್ದಕ್ಕೂ ಅದೇ ಕತೆ. ರಾತ್ರಿ ಗಾಳಿ ಬೀಸಿದ್ರೆ ಬಾಗಿಲು ದಡಬಡ ಅನ್ನುತ್ತೆ, ರಗ್ಗು ಬೇಕೇ ಬೇಕು, ಊಟಿಯಷ್ಟು ನಡುಗಿಸಲ್ಲ. ಬೆಳಗ್ಗೆ ಬೇಗ ಎದ್ದು ಝಡ್ ಪಾಯಿಂಟ್ ಕಡೆ ನಡೆದ್ರೆ ಮೋಡ ಕಾಲ್ಕೆಳಗೆ. ಒಂಬತ್ತು ಗಂಟೆ ಮೇಲೆ ಹೋದ್ರೆ ಆ ದಾರೀಲಿ ನೆರಳಿಲ್ಲ, ಬೆವರಿಳಿಯುತ್ತೆ. ಹೆಬ್ಬೆ ಜಲಪಾತ 168 ಮೀಟರ್ ಅಂತ ಓದ್ಕೊಂಡು ಏಪ್ರಿಲಲ್ಲಿ ಹೋಗಿ ಬೇಜಾರು ಮಾಡ್ಕೋಬೇಡಿ, ಆಗ ನೀರು ಕಮ್ಮಿ, ಜೀಪಲ್ಲಿ ಸೊಂಟ ಅಲ್ಲಾಡಿದ್ದಷ್ಟೇ ಉಳಿಯುತ್ತೆ.

ಕೊರತೆ ಅಂದ್ರೆ ಸಂಜೆ ಏಳರ ಮೇಲೆ ಅಲ್ಲಿ ಮಾಡೋಕೆ ಏನೂ ಇಲ್ಲ. ಪೇಟೆ ಇಲ್ಲ, ಅಂಗಡಿ ಸಾಲಿಲ್ಲ, ನೆಟ್‌ವರ್ಕ್ ಬಂದ್ರೆ ಬಂತು. ದೊಡ್ಡಪ್ಪಂಗೆ, ಅಮ್ಮಂಗೆ ಅದೇ ಸ್ವರ್ಗ, ಕಾಲೇಜಿಗೆ ಹೋಗೋ ಮಗಳಿಗೆ ಶಿಕ್ಷೆ. ರೂಮುಗಳೂ ಕಮ್ಮಿ, ಮೊದಲೇ ಬುಕ್ ಮಾಡದೆ ವೀಕೆಂಡಿಗೆ ಹೊರಟ್ರೆ ತರೀಕೆರೆಗೆ ವಾಪಸ್ ಇಳಿದು ಲಾಡ್ಜ್ ಹುಡುಕಬೇಕಾಗುತ್ತೆ, ತರೀಕೆರೆ ಸೆಖೆ ಗೊತ್ತಲ್ಲ.

ಚಿಕ್ಕಮಗಳೂರಿಗೆ ಎಲ್ಲರೂ ಹೋಗ್ತಾರೆ, ಆದ್ರೆ ಬೇಸಿಗೆ ಚಳಿಗೆ ಅಂತ ನಾನು ಕಳಿಸಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿ ತುದೀಲಿ ಗಾಳಿಗೆ ನಿಲ್ಲೋಕಾಗಲ್ಲ ನಿಜ, ಬಾಬಾಬುಡನ್‌ಗಿರಿಯ ದಾರಿಯೂ ಸೊಗಸು, ಆದ್ರೆ ಅಲ್ಲಿ ನೀವು ಇರೋದು ಒಂದೆರಡು ಗಂಟೆ. ಈಗಂತೂ ಆನ್‌ಲೈನಲ್ಲಿ ಮೊದಲೇ ಸ್ಲಾಟ್ ಹಿಡೀಬೇಕು. ಮಲಗೋಕೆ ಮತ್ತೆ ಕೆಳಗೆ. ನಾವು ಉಳಿದ ಹೋಂಸ್ಟೇ ಕಾಫಿ ತೋಟದ ಮಧ್ಯ, ಫೋಟೋದಲ್ಲಿ ಮಂಜೋ ಮಂಜು, ಮೇನಲ್ಲಿ ಹೋದ್ರೆ ಮಂಜಿಲ್ಲ, ಕರೆಂಟೂ ಇಲ್ಲ, ರಾತ್ರಿಯಿಡೀ ಬೀಸಣಿಗೆ. ಕಾಫಿ ಚೆನ್ನಾಗಿತ್ತು, ಅದು ಬಿಡಿ, ಕಾಫಿ ನಮ್ಮನೇಲೂ ಚೆನ್ನಾಗಿರುತ್ತೆ.

ಮಡಿಕೇರಿ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಊರು ಚಂದ, ರಾಜಾಸೀಟಲ್ಲಿ ಸಂಜೆ ಕೂತ್ರೆ ಏಳೋಕೆ ಮನಸ್ಸಾಗಲ್ಲ, ಭಾವಂಗೆ ಕಡಂಬಿಟ್ಟು ಪಂದಿಕರಿ, ಅಮ್ಮಂಗೆ ನೂಲ್‌ಪುಟ್ಟು, ಊಟದಲ್ಲಿ ಮಿಕ್ಕ ಊರುಗಳಿಗಿಂತ ಮೇಲು ಅಂತ್ಲೇ ಹೇಳ್ತೀನಿ. ಆದ್ರೆ ನಮಗೆ ಅದು ದೂರ, ಕೊಡಗಿಗೆ ರೈಲಿಲ್ಲ, ಬೇಲೂರು ಹಾಸನ ಅಂತ ಇಡೀ ದಿನ ರಸ್ತೆ ಮೇಲೆ. ಅಷ್ಟು ದೂರ ಹೋದೋರು ಇನ್ನೊಂದು ಸ್ವಲ್ಪ ಹೋಗಿ ಊಟಿನೇ ಮುಟ್ಟಬಹುದಲ್ಲ ಅನ್ಸುತ್ತೆ, ತಂಪಿನ ಲೆಕ್ಕದಲ್ಲಿ ಮಡಿಕೇರಿಗೂ ಚಿಕ್ಕಮಗಳೂರಿಗೂ ಅಂಥಾ ಫರಕಿಲ್ಲ.

ಹಂಗಾಗಿ ನಮ್ಮನೇಲಿ ಈಗ ಆಗಿರೋ ಒಪ್ಪಂದ ಇದು. ಎರಡು ದಿನ ರಜ, ಜೊತೇಲಿ ವಯಸ್ಸಾದೋರು ಅಂದ್ರೆ ಕೆಮ್ಮಣ್ಣುಗುಂಡಿ, ಅದೂ ಬೆಟ್ಟದ ಮೇಲೇ ರೂಮ್ ಸಿಕ್ಕಿದ್ರೆ ಮಾತ್ರ. ವಾರ ರಜ ಇದ್ದು ಮಕ್ಕಳ ಪರೀಕ್ಷೆ ಮುಗಿದಿದ್ರೆ ಊಟಿ, ಅದೂ ಸೋಮವಾರದಿಂದ ಗುರುವಾರದೊಳಗೆ, ಫ್ಲವರ್ ಶೋ ದಿನ ಬಿಟ್ಟು. ಅಕ್ಟೋಬರ್ ರಜಕ್ಕೆ ಈ ಲೆಕ್ಕ ತಲೆಕೆಳಗಾಗುತ್ತೆ, ಊಟಿಗೆ ಆಗ ಹಿಂಗಾರು ಮಳೆ ಹಿಡ್ಕೊಂಡಿರುತ್ತೆ, ನಮ್ ಕಡೆ ಮುಂಗಾರು ಮುಗಿದು ಗುಡ್ಡ ಹಸಿರಾಗಿ ಹೆಬ್ಬೇಲಿ ನೀರು ಧುಮುಕ್ತಾ ಇರುತ್ತೆ, ಆಗ ತರೀಕೆರೆ ದಾರಿನೇ ಹಿಡಿಯಿರಿ, ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು ಜೇಬಲ್ಲಿ ಇರಲಿ.