ವಾಷಿಂಗ್ಟನ್ ಪ್ರೆಸ್ ಕ್ಲಬ್ ಫೌಂಡೇಶನ್‌ನ ಸಂದರ್ಶನ ಸಂಗ್ರಹ: ಬಿಡುವು ಮಾಡಿಕೊಂಡು ಓದಿ

ಅಮೆರಿಕದ ಪತ್ರಿಕೆಗಳ ಮಹಿಳಾ ಪುಟ ಅಂದರೆ ಮದುವೆ ಸುದ್ದಿ, ಅಡುಗೆ, ಫ್ಯಾಶನ್ ಅಷ್ಟೇ ಅನ್ನುವವರು ಜಾಸ್ತಿ. ಅಂಥವರಿಗೆ ನಾನು ಈ ಸಂಗ್ರಹವನ್ನೇ ತೋರಿಸುತ್ತೇನೆ. ಪತ್ರಕರ್ತೆಯರ ಉದ್ದುದ್ದ ಸಂದರ್ಶನಗಳು ಆನ್‌ಲೈನ್‌ನಲ್ಲಿವೆ. ದುಡ್ಡು ಕೊಡಬೇಕಿಲ್ಲ.

ಮೊದಲು ಡೊರೊಥಿ ಜರ್ನಿ ಅವರದನ್ನು ಓದಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವಾಷಿಂಗ್ಟನ್ ಡೈಲಿ ನ್ಯೂಸ್‌ನ ನಗರ ಸುದ್ದಿ ವಿಭಾಗವನ್ನು ಹಂಗಾಮಿಯಾಗಿ ನಡೆಸಿದವರು ಇವರು. ಯುದ್ಧ ಮುಗಿದ ಮೇಲೆ ಆ ಕುರ್ಚಿ ಒಬ್ಬ ಗಂಡಸಿಗೆ ಹೋಯಿತು. ಅವನಿಗೆ ಕೆಲಸ ಕಲಿಸುವ ಹೊಣೆಯೂ ಇವರದೇ! ಓದುವಾಗ ಹೊಟ್ಟೆ ಉರಿಯುತ್ತೆ. ಆಮೇಲೆ ಮಯಾಮಿ ಹೆರಾಲ್ಡ್‌ಗೆ ಬಂದು ಮಹಿಳಾ ಪುಟಕ್ಕೆ ಗಟ್ಟಿ ಸುದ್ದಿ ತಂದರು. ಅದೇ ಪತ್ರಿಕೆಯಲ್ಲಿ ಅದೇ ದಾರಿಯಲ್ಲಿ ನಡೆದ ಮಹಿಳಾ ಪುಟದ ಸಂಪಾದಕಿ ಮರೀ ಆಂಡರ್ಸನ್, ಒಳ್ಳೆಯ ಮಹಿಳಾ ಪುಟಗಳಿಗೆ ಕೊಡಲು 1960ರಲ್ಲಿ ಶುರುವಾದ ಪೆನ್ನಿ-ಮಿಸೌರಿ ಪ್ರಶಸ್ತಿಯನ್ನು ಮತ್ತೆ ಮತ್ತೆ ಗೆದ್ದರು.

ನನಗೆ ತುಂಬ ತಟ್ಟಿದ್ದು ಮಾರ್ಜೊರಿ ಪ್ಯಾಕ್ಸನ್ ಅವರ ಮಾತು. ಯುದ್ಧಕ್ಕೆ ಹೋದ ಗಂಡಸರು ವಾಪಸ್ ಬಂದರೆ ಕೆಲಸ ಬಿಡುತ್ತೇನೆ ಅಂತ ಮೊದಲೇ ಸಹಿ ಹಾಕಿ ಸೇರಿದ್ದರು. 1969ರಲ್ಲಿ ವಾಷಿಂಗ್ಟನ್ ಪೋಸ್ಟ್ ಮಹಿಳಾ ಪುಟ ತೆಗೆದು ‘ಸ್ಟೈಲ್’ ವಿಭಾಗ ತಂದಿತು. ಬೇರೆ ಪತ್ರಿಕೆಗಳೂ ಹಾಗೇ ಮಾಡಿದವು. ಪುಟದ ಜೊತೆ ಸಂಪಾದಕಿಯರ ಸ್ಥಾನವೂ ಹೋಯಿತು, ಆಗ ಬೇರೊಂದು ಪತ್ರಿಕೆಯ ಮಹಿಳಾ ಪುಟ ನೋಡಿಕೊಳ್ಳುತ್ತಿದ್ದ ಪ್ಯಾಕ್ಸನ್ ಅವರದೂ ಸೇರಿ. ಇದು ಅನ್ಯಾಯ ಅಲ್ವಾ? ಆದರೂ ಅವರು ಮುಂದೆ ಪತ್ರಿಕೆಯ ಪ್ರಕಾಶಕಿಯೇ ಆದರು.

ವಿವಿಯನ್ ಕ್ಯಾಸಲ್‌ಬೆರಿ ಅವರದನ್ನು ಸುಮ್ನೆ ಕಣ್ಣಾಡಿಸಿ ಬಿಡಬೇಡಿ. ಮನೆಯೊಳಗಿನ ಹೊಡೆತ, ಮಕ್ಕಳ ಮೇಲಿನ ದೌರ್ಜನ್ಯವನ್ನು ಡಲ್ಲಾಸ್ ಟೈಮ್ಸ್ ಹೆರಾಲ್ಡ್‌ನ ಮಹಿಳಾ ಪುಟಕ್ಕೆ ತಂದವರು ಅವರು.